ಬಶಿ ತುಂಬ ಚಹಾ

ಆಗ ದುರ್ಗದಬೈಲಿನಲ್ಲಿ ಬಂದೂಕು ರಿಪೇರಿ ಮಾಡುವ ಮೋನಪ್ಪನಿದ್ದ. ಯಾವ ಪೊಲೀಸ್ ಫೌಜದಾರರೇ ಆಟೋಮ್ಯಾಟಿಕ್ ಪಿಸ್ತೂಲು ತಂದು "ಗುರಿ ತಪ್ಪಾಕತ್ತೈತಿ" ಎಂದರೂ ಅವನು ಮೊದಲು ಅದನ್ನು ಮುಟ್ಟುತ್ತಿರಲಿಲ್ಲ. "ಚಹಾ ಕುಡೀರಿ" ಎನ್ನುತ್ತಿದ್ದ. ಹೆಂಡತಿ ಹೊಳೆವ್ವ ಕಪ್ಪಿನ ಕೆಳಗಿನ ಬಶಿಯ ಅಂಚಿನ ತನಕ ಸುರಿದು ಕೊಡುತ್ತಿದ್ದಳು. ಚಹಾ ಎಡಕ್ಕೆ ಚೆಲ್ಲಿದರೆ ಗುಂಡೂ ಎಡಕ್ಕೆ. ಮೀಸೆಗೆ ಚೆಲ್ಲಿದರೆ ಗುಂಡು ಸೀದಾ ಊರಾಚೆಯ ರಾಯಾಪುರಕ್ಕೆ. "ಪಿಸ್ತೂಲು ಶಾಣ್ಯಾ ಐತ್ರಿ ಸಾಹೇಬ್ರ, ಕೈಗೆ ಅವಸರ" ಎಂದು ನಳಿಗೆ ಒರೆಸಿ, ಟ್ರಿಗರನ್ನು ಮೆಲ್ಲಗೆ ಎಳೆಯಲು ಕಲಿಸಿ ಕಳಿಸುತ್ತಿದ್ದ. ಹತ್ತರಲ್ಲಿ ಒಂಬತ್ತು ಹೀಗೇ ನೆಟ್ಟಗಾಗುತ್ತಿದ್ದವು. ನಿಜಕ್ಕೂ ಕೆಟ್ಟ ಹತ್ತನೆಯದನ್ನು ಮಾತ್ರ ಬಿಚ್ಚಿ ಸರಿಪಡಿಸುತ್ತಿದ್ದ. ಕಡೆಕಡೆಗೆ ಅದನ್ನೂ ಬಿಚ್ಚದೆ ಮರಳಿಸತೊಡಗಿದ. ಅವನ ಕೈಯೇ ನಡುಗುತ್ತಿತ್ತು. ಗಿರಾಕಿ ಹೋದ ಮೇಲೆ ಹೊಳೆವ್ವ ಅವನಿಗೆ ಅರ್ಧ ಲೋಟ ಚಹಾ ತರುತ್ತಿದ್ದಳು. "ನನಗ ಬಶಿ?" ಎಂದರೆ, "ಒಡದೈತ್ರಿ" ಎನ್ನುತ್ತಿದ್ದಳು. ತೊಳೆದು ಬೋರಲಿಟ್ಟ ಬಶಿಯ ಕಡೆ ಅವನೂ ನೋಡುತ್ತಿರಲಿಲ್ಲ.