ಮೂರನೆಯ ಕೈ

ನ್ಯಾಯಮೂರ್ತಿ ಸೊಣ್ಣಮ್ಮ ತೀರಿಕೊಂಡ ಸುದ್ದಿ ಮಲಕವ್ವನಿಗೆ ತಿಳಿದದ್ದು ಬೆಳಗಿನ ಐದೂವರೆಗೆ, ಬಾಗಲಗುಂಟೆಯ ಹಾಲಿನ ಅಂಗಡಿಯಲ್ಲಿ. ಪತ್ರಿಕೆಯ ಮೂಲೆಯಲ್ಲಿ ಮೂರು ಸಾಲು. ಪುಟದ ಮುಕ್ಕಾಲು ಪಾಲು ಸರ್ಜಾಪುರದ ಹೊಸ ಬಡಾವಣೆಯ ಜಾಹೀರಾತು. ಮಧ್ಯಾಹ್ನ ಹನ್ನೆರಡಕ್ಕೆ ಕುಂದಲಹಳ್ಳಿಯಲ್ಲಿ ಮಣ್ಣು.

“ನಮ್ಮವ್ವಗ ಇಷ್ಟ ಜಾಗಾ ಏನ್ರಿ?” ಎಂದು ಆಕೆ ಅಂಗಡಿಯವನನ್ನೇ ದಬಾಯಿಸುತ್ತಾಳೆ. ಕಣ್ಣೊರೆಸಿಕೊಂಡು ಪೀಣ್ಯದ ಕಾರ್ಖಾನೆಗೆ ನಡೆಯುತ್ತಾಳೆ.

ಅಲ್ಲಿ ತಗಡು ಒತ್ತಿ ಕತ್ತರಿಸುವ ಇಪ್ಪತ್ತೆರಡು ಪವರ್ ಪ್ರೆಸ್ಸುಗಳಿವೆ. ತಗಡನ್ನು ಅಚ್ಚಿಗಿಟ್ಟು, ಎರಡೂ ಕೈಯಿಂದ ಎರಡು ಬಟನ್ ಒತ್ತಿದರೆ ಮಾತ್ರ ಪ್ರೆಸ್ ಇಳಿಯಬೇಕು. ಕೈ ಉಳಿಯುವುದು ಹಾಗೆ. ಕೆಲಸ ಚುರುಕಾಗಲೆಂದು ಒಂದು ಬಟನ್ನಿಗೆ ಕಡ್ಡಿ ಸಿಕ್ಕಿಸಿ ಒಂದೇ ಕೈಯಲ್ಲಿ ಓಡಿಸುವುದು ಇಲ್ಲಿನ ಹಳೆಯ ಚಾಳಿ. 2006ರಲ್ಲಿ ಆ ಕಡ್ಡಿ ವಿಜಾಪುರದ ಕಡೆಯಿಂದ ದುಡಿಯಲು ಬಂದ ಮಲಕವ್ವನ ಬಲಗೈಯ ನಾಲ್ಕು ಬೆರಳು ತಿಂದಿತು. ಅಧಿಕಾರಿಗಳು ತನಿಖೆಗೆ ಬಂದಾಗ ಕಡ್ಡಿ ಮಾಯ. ತಪ್ಪು ಆಕೆಯದೆಂದು ಬರೆದು ಹೊರಗೆ ಹಾಕಿದರು. ಲೇಬರ್ ಕೋರ್ಟು ಕೆಲಸ ಕೊಡಿ ಎಂದರೆ, ಮಾಲೀಕರು ಹೈಕೋರ್ಟಿಗೆ ಹೋದರು.

ಪೀಠದಲ್ಲಿದ್ದವರು ಸೊಣ್ಣಮ್ಮ. ಕುಂದಲಹಳ್ಳಿಯಲ್ಲಿ ಸೊಪ್ಪು ಬೆಳೆದು ಮಾರುತ್ತಿದ್ದ ವೆಂಕಟಪ್ಪನವರ ಮಗಳು. ಇಪ್ಪತ್ತಾರು ವರ್ಷ ಕಾರ್ಮಿಕರ ಕೇಸು ನಡೆಸಿದ ವಕೀಲೆ. ಈ ಹೆಸರು ಪೀಠಕ್ಕೆ ಒಪ್ಪದು, ಬದಲಿಸಿಕೊಳ್ಳಿ ಎಂದು ಬುದ್ಧಿ ಹೇಳಿದ ದೊಡ್ಡ ಮನುಷ್ಯರಿದ್ದರು! “ನಮ್ಮಜ್ಜಿ ಹೆಸರು ಸಾರ್. ಅವಳಿಗೇ ಭಾರ ಆಗ್ಲಿಲ್ಲ, ನಿಮಗ್ಯಾಕೆ?” ಎಂದರಂತೆ. 2008ರಲ್ಲಿ ಅದೇ ಹೆಸರಿನಲ್ಲಿ ಪ್ರಮಾಣವಚನ ಸ್ವೀಕರಿಸಿ, ಐದು ವರ್ಷದ ನಂತರ ಸದ್ದಿಲ್ಲದೆ ನಿವೃತ್ತರಾದರು.

ಎರಡೂ ಬಟನ್ ಒತ್ತದೆ ಪ್ರೆಸ್ ಇಳಿಯುವುದೇ ಇಲ್ಲವೆಂದು ಕಂಪನಿಯ ವಕೀಲರು ವಾದಿಸಿದಾಗ ಸೊಣ್ಣಮ್ಮ ಕನ್ನಡಕ ತೆಗೆದರು.

“ಎರಡೂ ಕೈ ಬಟನ್ ಮೇಲಿದ್ರೆ, ಅಚ್ಚಿಗೆ ಸಿಕ್ಕಿದ್ದು ಈಕೆಯ ಮೂರನೇ ಕೈಯೇನ್ರೀ?”

ವಕೀಲರು ಕಾಗದ ತಡಕಾಡಿದರು. ಆದೇಶವನ್ನು ಇಂಗ್ಲಿಷಿನಲ್ಲಿ ಬರೆಸಿದ ಮೇಲೆ ಕಕ್ಷಿದಾರರಿಗೆ ಕನ್ನಡದಲ್ಲಿ ತಿಳಿಸದೆ ಸೊಣ್ಣಮ್ಮ ಪೀಠದಿಂದ ಏಳುತ್ತಿರಲಿಲ್ಲ. ಮಲಕವ್ವನನ್ನು ಮುಂದೆ ಕರೆದರು. “ಕೆಲಸ ವಾಪಸ್ ಬಂತಮ್ಮ. ದಿನಾ ಬಟನ್ ಪರೀಕ್ಷೆ ಮಾಡೋದು ನಿಮ್ಮ ಕೆಲಸ. ನೀವು ಸರಿ ಅನ್ನೋವರೆಗೂ ಪ್ರೆಸ್ ಓಡೋ ಹಾಗಿಲ್ಲ.” ಅಂದಿನಿಂದ ಆ ಶೆಡ್ಡಿನಲ್ಲಿ ಒಬ್ಬರ ಬೆರಳೂ ಹೋಗಿಲ್ಲ.

ಇವತ್ತು ಸೂಪರ್‌ವೈಸರ್ ಮುನಿರಾಜು ತಾನಾಗಿಯೇ ರಜೆ ಕೊಡುತ್ತಾನೆ. “ಹೋಗಿ ಅಕ್ಕ, ಮುಖ ನೋಡ್ಕೊಂಡ್ ಬನ್ನಿ. ಬಟನ್ ನಾವ್ ನೋಡ್ಕೋತೀವಿ.”

ಮಲಕವ್ವ ಕರಗುತ್ತಾಳೆ. ಒಂದು ಸುತ್ತು ಮುಗಿಸಿ ಬಸ್ಸು ಹಿಡಿಯೋಣವೆಂದು ಹೊರಟರೆ, ಒಂಬತ್ತನೆಯ ಪ್ರೆಸ್ಸಿನ ಬಟನ್ನಿನಲ್ಲಿ ಆಗಲೇ ಕಡ್ಡಿ.

“ಹೆಣಾ ಇನ್ನೂ ಮನಿ ದಾಟಿಲ್ಲ, ಕಡ್ಡಿ ಇಟ್ರೇನ್ರಿ? ನಾಚಿಕಿ ಬರಂಗಿಲ್ಲ?”

“ಲೋಡ್ ಹೋಗ್ಬೇಕು ಅಕ್ಕ. ಒಂದಿನ ತಾನೇ...” ಎನ್ನುತ್ತಾನೆ ಮುನಿರಾಜು.

“ನನ್ನ ಬೆರಳು ಹೋಗಿದ್ದೂ ಒಂದ ದಿನಾ ಅಲ್ಲೇನ್ರಿ?”

ಕಡ್ಡಿಯನ್ನು ಕಾಲಡಿ ಹಾಕಿ ಮುರಿಯುತ್ತಾಳೆ. ಕುಂದಲಹಳ್ಳಿಗೆ ಹೋಗುವುದಿಲ್ಲ. “ಅಲ್ಲಿ ಹೂ ಹಾಕವ್ರು ಭಾಳ ಮಂದಿ ಅದಾರ್ರಿ.”

ಮಧ್ಯಾಹ್ನ ಹನ್ನೆರಡಕ್ಕೆ ಒಂಬತ್ತನೆಯ ಪ್ರೆಸ್ಸಿನ ಮುಂದೆ ಚಪ್ಪಲಿ ಬಿಟ್ಟು ನಿಲ್ಲುತ್ತಾಳೆ. ಉಳಿದ ಹೆಬ್ಬೆರಳನ್ನು ಎಡಗೈಗೆ ಜೋಡಿಸಿ ಕೈ ಮುಗಿಯುತ್ತಾಳೆ.

“ಶಿವಾ, ನಮ್ಮವ್ವನ ಆತ್ಮಕ್ಕ ಶಾಂತಿ ಕೊಡಪಾ. ಇಲ್ಲಿಂದು ನಾ ನೋಡ್ಕೊಂತೀನಿ.”