ಹಗ್ಗ ಹಿಡಿಯದೆ ಮಿಡ್ಲ್ ಸ್ಕೂಲಿಗೆ

ನಿಮಗೆ ಹೀಗಾಗಿತ್ತೇ? ನಾಲ್ಕನೇ ತರಗತಿ ಮುಗಿಸಿ ಹೊಸ ಶಾಲೆಗೆ ಹೋಗುವ ಮುಂಚೆ ನಿಮಗೆ ಯಾರಾದರೂ ನಡೆಯುವುದನ್ನು ಕಲಿಸಿದ್ದರೇ? ಲೆಕ್ಕ ಅಲ್ಲ, ಮಗ್ಗಿ ಅಲ್ಲ, ನಡೆಯುವುದು. ಮನೆ ಬಾಗಿಲಿನಿಂದ ಶಾಲೆಯ ಬಾಗಿಲಿನವರೆಗೆ. ನನಗೆ ಕಲಿಸಿದ್ದರು. ಅದಕ್ಕೆ ಒಂದು ಇಡೀ ಬೇಸಿಗೆ ಹಿಡಿಯಿತು.

ನಾನು ಓದಿದ್ದು ನಾರಾಯಣಪೇಟೆಯ ಹೆಣ್ಣುಮಕ್ಕಳ ಪ್ರೈಮರಿ ಶಾಲೆಯಲ್ಲಿ. ನಿಜಾಮರ ಕಾಲದಲ್ಲಿ ನಮ್ಮಂಥವರ ಮನೆಯ ಹುಡುಗಿಯರು ತಾವಾಗಿಯೇ ಶಾಲೆಗೆ ಹೋಗುವ ಪದ್ಧತಿ ಇರಲಿಲ್ಲ. ಮನೆಮನೆಗೆ ಬಂದು ಕರೆದುಕೊಂಡು ಹೋಗಲು ಶಾಲೆಯವರೇ ಒಬ್ಬ ಆಯಾಳನ್ನು ಇಟ್ಟಿದ್ದರು. ಬುರ್ಖಾ ಹಾಕಿದ, ದೊಡ್ಡ ಗಂಟಲಿನ ವಿಧವೆ. ಹೆಸರು ಏನೋ ಇತ್ತು, ಯಾರೂ ಕರೆಯುತ್ತಿರಲಿಲ್ಲ. ಇಡೀ ಊರಿಗೆ ಆಕೆ ಬೂಬಮ್ಮ. ಬೆಳಿಗ್ಗೆ ನಮ್ಮ ಬಾಗಿಲಿನ ಚಿಲಕ ಬಡಿದು, "ನಡೀರಿ ಬೇಟೀ, ಹೊತ್ತಾತು!" ಎಂದು ಕೂಗಿದರೆ ಎದುರು ಮನೆಯ ಎಮ್ಮೆಯೂ ಎದ್ದು ನಿಲ್ಲುತ್ತಿತ್ತು.

ಬೂಬಮ್ಮನ ಕೈಯಲ್ಲಿ ಒಂದು ಹಗ್ಗ ಇರುತ್ತಿತ್ತು. ಮಗ್ಗದವರು ಬಿಸಾಡಿದ ಬಣ್ಣಬಣ್ಣದ ನೂಲನ್ನು ಹೊಸೆದು ತಾನೇ ಮಾಡಿಕೊಂಡಿದ್ದು. ಅದಕ್ಕೆ ಮೊಳಕ್ಕೊಂದು ಗಂಟು. ಒಬ್ಬೊಬ್ಬಳಿಗೆ ಒಂದೊಂದು ಗಂಟು. ಹಗ್ಗದ ಮುಂದಿನ ತುದಿ ಆಕೆಯ ಕೈಯಲ್ಲಿ, ಹಿಂದೆ ನಾವು ಹನ್ನೊಂದು ಜನ ಸಾಲಾಗಿ. ಗಂಟು ಬಿಟ್ಟವಳಿಗೆ ತಲೆಗೊಂದು ಮೊಟಕು. ನಾಲ್ಕು ವರ್ಷ ಶಾಲೆಯ ದಾರಿಯ ಬಜಾರಿನಲ್ಲಿ ಓಡಾಡಿದೆ, ಆದರೆ ನನಗೆ ಕಂಡಿದ್ದು ಮುಂದಿನ ಹುಡುಗಿಯ ಜಡೆ ಮಾತ್ರ. ಎಲ್ಲಿ ತಿರುಗಬೇಕು ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ನಾನು ನಾಲ್ಕನೆಯದರಲ್ಲಿದ್ದಾಗ ಪೊಲೀಸ್ ಆ್ಯಕ್ಷನ್ ಆಯಿತು, ಭಾರತದ ಸೈನ್ಯ ಬಂದು ನಿಜಾಮರ ಆಳ್ವಿಕೆ ಮುಗಿಯಿತು. ಕೆಲವು ವಾರ ಶಾಲೆ ಮುಚ್ಚಿತ್ತು. ತೆರೆದಾಗ ಗೋಡೆಯ ಮೇಲಿನ ಪಟ ಬದಲಾಗಿತ್ತು, ಒಂದಿಬ್ಬರು ಟೀಚರು ಬದಲಾಗಿದ್ದರು. ಬೂಬಮ್ಮ ಬರಲಿಲ್ಲ. ಒಂದು ವಾರ ನೋಡಿದೆವು, ಒಂದು ತಿಂಗಳು ನೋಡಿದೆವು. ಚಿಲಕ ಬಡಿಯುವವರಿಲ್ಲದೆ ಅಮ್ಮಂದಿರೇ ಸರದಿಯ ಮೇಲೆ ನಮ್ಮನ್ನು ಬಿಟ್ಟು ಬರುತ್ತಿದ್ದರು. ಶಾಲೆಯವರು ಆಕೆಯ ಹೆಸರನ್ನು ಹಾಜರಿಯಿಂದ ಹೊಡೆದು ಹಾಕಿದರು.

ಪರೀಕ್ಷೆ ಹತ್ತಿರ ಬಂದಾಗ ಒಂದು ಸುದ್ದಿ ಬಂತು. ಗಂಡುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಇನ್ನು ಮುಂದೆ ಹುಡುಗಿಯರನ್ನೂ ಸೇರಿಸಿಕೊಳ್ಳುತ್ತಾರಂತೆ. ಹನ್ನೊಂದು ಜನರಲ್ಲಿ ಹೋಗುತ್ತೇನೆ ಅಂದವರು ಇಬ್ಬರೇ. ನಾನು ಮತ್ತು ಹಿಂದಿನ ಓಣಿಯ ನೇಕಾರರ ಹುಡುಗಿ, ನನ್ನ ಗೆಳತಿ. ಅವಳ ಮನೆಯಲ್ಲಿ ಹೂಂ ಅಂದರು. ನಮ್ಮ ಮನೆಯಲ್ಲಿ ಮಾತು ನಡೆಯುವುದು ಅಜ್ಜನದು. ಅಪ್ಪ ಗದ್ವಾಲದಲ್ಲಿ ಗುಮಾಸ್ತ, ತಿಂಗಳಿಗೊಮ್ಮೆ ಬರುವವರು. ಅಜ್ಜ ತಹಸೀಲು ಕಚೇರಿಯಲ್ಲಿ ಕಾಗದಪತ್ರ ನೋಡುವ ಪೇಷ್ಕಾರರಾಗಿದ್ದು ಪಿಂಚಣಿ ತೆಗೆದುಕೊಂಡವರು. ದಿನವಿಡೀ ಕಟ್ಟೆಯ ಮೇಲೆ ಕೂತು ಓಣಿಯ ಹಾಜರಿ ಹಾಕುತ್ತಿದ್ದರು.

"ಬೂಬಮ್ಮ ಕರಕೊಂಡು ಹೋಗಿ ಕರಕೊಂಡು ಬರ್ತಾಳಂದ್ರ ಹೋಗ್ಲಿ," ಅಂದರು. "ಇಲ್ಲಂದ್ರ ಇಕಿ ಓದು ಇಲ್ಲಿಗೆ ಸಾಕು."

ಅಮ್ಮ ಬಾಗಿಲ ಮರೆಯಿಂದ ಹೇಳಿದಳು: "ಮಾವನವರ, ಆಕಿ ಆರು ತಿಂಗಳಾತು ಹೊರಗs ಬಂದಿಲ್ಲರೀ."

"ಆಕಿ ಬರೂದಿಲ್ಲಂದ್ರ ಇಕಿನೂ ಹೋಗೂದಿಲ್ಲ. ಅದರಾಗೇನದ?"

ಅಲ್ಲಿಗೆ ಮುಗಿಯಿತು. ಅಮ್ಮ ಒಳಗೆ ಬಂದು ನನ್ನ ಕಿವಿಯಲ್ಲಿ ಹೇಳಿದಳು: "ಹೋಗಿ ಕರೀರಿ ಆಕಿನ್ನ. ಎರಡೂ ಮನಿಯವರು ತಿಂಗಳಾ ಜೋಳಾ ಕೊಡ್ತೀವಿ ಅಂತ ಹೇಳ್ರಿ."

ನಾನೂ ಗೆಳತಿಯೂ ಹೋದೆವು. ಕೆರೆಯ ಕಡೆ ಆಕೆಯ ಒಂದು ಕೋಣೆಯ ಮನೆ. ಹಗಲು ಹೊತ್ತಿನಲ್ಲೂ ಬಾಗಿಲು ಹಾಕಿತ್ತು. ನಾನು ಕರೆಯಲು ಬಾಯಿ ತೆರೆಯುವಷ್ಟರಲ್ಲಿ ಗೆಳತಿ ಚಿಲಕ ಹಿಡಿದು ಧಡಧಡ ಬಡಿದಳು, ಥೇಟ್ ಬೂಬಮ್ಮನ ಹಾಗೆ: "ನಡೀರಿ ಬೇಟೀ, ಹೊತ್ತಾತು!"

ಒಳಗೆ ಏನೋ ಪಾತ್ರೆ ಬಿದ್ದ ಸದ್ದು. ಬಾಗಿಲು ನಾಲ್ಕು ಬೆರಳಿನಷ್ಟು ತೆರೆಯಿತು.

"ಹಾಯ್ ಅಲ್ಲಾ! ಎದಿ ಒಡದು ಸಾಯ್ತಿದ್ನೆಲ್ಲೇ ಬದ್ಮಾಶ್! ನನ್ನ ಮಾತು ನನಗs ಒದರ್ತೀಯಾ?"

"ಮತ್ತ ನೀವು ಬರ್ಲಿಲ್ಲಂದ್ರ ನಾವs ಬರಬೇಕಲ್ಲರೀ," ಅಂದಳು ಗೆಳತಿ.

ಬೂಬಮ್ಮ ತೆಳ್ಳಗಾಗಿದ್ದಳು. ಬಾಗಿಲ ಸಂದಿಯಿಂದಲೇ ನಮ್ಮ ಹಿಂದೆ ಯಾರಿದ್ದಾರೆ ಎಂದು ನೋಡಿದಳು. "ಬಜಾರ್‌ದಾಗ ಹವಾ ಹ್ಯಾಂಗ ಐತಿ?" ಎಂದು ಕೇಳಿದಳು. ನಮಗೆ ಅರ್ಥವಾಗಲಿಲ್ಲ. "ಬಿಸಲೈತ್ರೀ," ಅಂದೆ ನಾನು. ಆಕೆ ನಕ್ಕಳು.

ಆಕೆಗೆ ನಮ್ಮ ಊರಿನಲ್ಲಿ ಯಾರೂ ಏನೂ ಮಾಡಿರಲಿಲ್ಲ. ಆದರೆ ಬೇರೆ ಊರುಗಳಿಂದ ಮುಸಲ್ಮಾನರ ಮನೆಗಳ ಮೇಲೆ ಬಿದ್ದರಂತೆ ಎಂಬ ಸುದ್ದಿ ಬರುತ್ತಿತ್ತು, ಆಕೆಯ ಕಿವಿಗೂ ಬಿದ್ದಿತ್ತು. ಆರು ತಿಂಗಳು ಪಕ್ಕದ ಮನೆಯವರು ತಂದುಕೊಟ್ಟ ಹಿಟ್ಟಿನ ಮೇಲೆ ಬದುಕಿದ್ದಳು. ಇದೆಲ್ಲ ನನಗೆ ಆಮೇಲೆ ಅಮ್ಮ ಹೇಳಿದ್ದು. ಆ ದಿನ ನಾನು ಹೇಳಿದ್ದು ಒಂದೇ: "ನೀವು ಬರ್ಲಿಲ್ಲಂದ್ರ ಅಜ್ಜಾರು ನನ್ನ ಸಾಲಿ ಬಿಡಸ್ತಾರ."

ಬೂಬಮ್ಮ ಒಳಗೆ ಹೋಗಿ ಬುರ್ಖಾ ಹಾಕಿಕೊಂಡು, ಹಗ್ಗ ತೆಗೆದುಕೊಂಡು ಬಂದಳು. ಮುಂದಿನ ತುದಿಯನ್ನು ನನ್ನ ಕೈಗೆ ಕೊಟ್ಟಳು, ಹಿಂದಿನ ಗಂಟನ್ನು ತಾನು ಹಿಡಿದಳು. "ಇವತ್ತು ನೀವು ಮುಂದ ನಡೀರಿ. ನಾ ಹಿಂದ ಬರ್ತೀನಿ."

ಬಜಾರಿನಲ್ಲಿ ಎಲೆ ಅಂಗಡಿಯವನೊಬ್ಬ ನೋಡಿ ಕೂಗಿದ: "ಏನ್ ಬೂಬಮ್ಮ, ಈಗ ಹುಡುಗ್ಯಾರು ನಿನ್ನ ಸಾಲಿಗೆ ಹಾಕಾಕ ಹೊಂಟಾರೇನು?"

ಹಗ್ಗ ಬಿಗಿಯಾಯಿತು. ಆಕೆ ನಿಂತುಬಿಟ್ಟಳು ಅಂದುಕೊಂಡೆ. ಒಂದು ಗಳಿಗೆ ಬಿಟ್ಟು ಹಳೆಯ ಗಂಟಲು ಬಂತು: "ಹೌದಪ್ಪಾ, ನೀನೂ ಬಾ. ಅಂಗಡಿ ಬೋರ್ಡು ಉಲ್ಟಾ ಹಾಕೀ, ನಿನಗs ಓದಾಕ ಬರೂದಿಲ್ಲ." ಅವನು ನಿಜವಾಗಿಯೂ ತಿರುಗಿ ಬೋರ್ಡು ನೋಡಿದ. ಅದು ಸರಿಯಾಗಿಯೇ ಇತ್ತು.

ಆ ಬೇಸಿಗೆಯೆಲ್ಲ ತರಬೇತಿ. ಮಿಡ್ಲ್ ಸ್ಕೂಲು ಊರಿನ ಇನ್ನೊಂದು ತುದಿಗೆ. ದಿನಾ ಬೆಳಿಗ್ಗೆ ಮೂವರೂ ಅಲ್ಲಿಯವರೆಗೆ ಹೋಗಿ, ಮುಚ್ಚಿದ ಗೇಟು ಮುಟ್ಟಿ ಬರುತ್ತಿದ್ದೆವು. ಮೊದಲ ಹದಿನೈದು ದಿನ ಹಗ್ಗ ಹಿಡಿದು. ಆಮೇಲೆ, "ಹಗ್ಗ ಚೀಲದಾಗ ಇಡ್ರಿ, ಕೈಯಾಗ ಬ್ಯಾಡ," ಅಂದಳು. ಆಮೇಲೆ ಚೀಲದಲ್ಲೂ ಬೇಡ ಅಂದಳು. ಖಾಲಿ ಕೈಯನ್ನು ಎಲ್ಲಿಡಬೇಕು ಎಂದು ಗೊತ್ತಾಗದೆ ನಾನು ಲಂಗ ಹಿಡಿದುಕೊಂಡು ನಡೆದೆ.

"ಲಂಗಾ ಬಿಡು. ಓಡಿ ಹೋಗಾಕ ತಯಾರಾದಂಗ ಕಾಣ್ತೀ."

ಆಕೆ ಹೇಳಿಕೊಟ್ಟಿದ್ದೆಲ್ಲ ಇಂಥದ್ದೇ. ಶೇಂಗಾ ಗಾಡಿಗಳು ನಿಲ್ಲುವ ಕಡೆ ಎತ್ತಿನ ಹಿಂದೆ ಹೋಗಬಾರದು, ಗೋಡೆಯ ಕಡೆಯಿಂದ ಹೋಗಬೇಕು. ನೆಲ ನೋಡಿಕೊಂಡು ನಡೆಯಬಾರದು. ಯಾವನಾದರೂ ಹುಡುಗ ಹಲ್ಲು ಕಿಸಿದರೆ, ಕಲ್ಲು ಎಸೆದರೆ ಓಡಬಾರದು. "ನಿಂತು ಕೇಳು, ನೀ ಯಾರ ಮಗ ಅಂತ. ಅಷ್ಟs. ಅಪ್ಪನ ಹೆಸರು ಬಂತಂದ್ರ ಅವನs ಓಡ್ತಾನ." ಇದನ್ನು ಕಲಿಸಲು ಗೆಳತಿಯನ್ನು ಹುಡುಗನನ್ನಾಗಿ ಮಾಡಿದಳು. ಅವಳು ಎಷ್ಟು ಚೆನ್ನಾಗಿ ಹಲ್ಲು ಕಿಸಿಯುತ್ತಿದ್ದಳೆಂದರೆ ನನಗೆ ಕೇಳಲು ಆಗದೆ ನಗು ಬರುತ್ತಿತ್ತು. ಬೂಬಮ್ಮ ಇಬ್ಬರಿಗೂ ಮೊಟಕಿದಳು.

ಇನ್ನೊಂದನ್ನೂ ಹೇಳಿಬಿಡುತ್ತೇನೆ, ನಾಚಿಕೆ ಏನಿದೆ? ಆ ಶಾಲೆಯಲ್ಲಿ ಹುಡುಗಿಯರಿಗೆ ಒಂದಕ್ಕೆ ಹೋಗಲು ಜಾಗ ಇರಲಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ, ಅಮ್ಮನಿಗೂ, ಅದು ಹೊಳೆದಿರಲಿಲ್ಲ. ಬೂಬಮ್ಮ ಹೋಗಿ ಶಾಲೆಯ ಪಕ್ಕದಲ್ಲಿ ನೂಲಿಗೆ ಬಣ್ಣ ಹಾಕುವವರ ಮನೆಯ ಹೆಂಗಸಿನ ಹತ್ತಿರ ಮಾತಾಡಿ ಅವರ ಹಿತ್ತಿಲನ್ನು ಗೊತ್ತುಮಾಡಿ ಬಂದಳು. ಅದೊಂದು ಇಲ್ಲದಿದ್ದರೆ ನಾನು ಒಂದು ವಾರದಲ್ಲಿ ಶಾಲೆ ಬಿಡುತ್ತಿದ್ದೆ.

ಜೂನ್‌ನಲ್ಲಿ ಶಾಲೆ ಶುರುವಾಯಿತು. ಬೂಬಮ್ಮ ಬಂದಳು, ಚಿಲಕ ಬಡಿದಳು, ಅಜ್ಜನಿಗೆ ಸಲಾಂ ಮಾಡಿದಳು, ನನ್ನನ್ನು ಕರೆದುಕೊಂಡು ಹೊರಟಳು. ಓಣಿಯ ತಿರುವು ದಾಟಿ ಗೆಳತಿಯ ಮನೆ ಬಂದದ್ದೇ, ಅದರ ಜಗಲಿಯ ಮೇಲೆ ಕೂತುಬಿಟ್ಟಳು.

"ಇನ್ನ ನೀವು ಹೋಗ್ರಿ."

"ನೀವು?"

"ನಾ ಜೋಡಿ ಇದ್ರ ಮಂದಿ ನಿಮ್ಮನ್ನ ನೋಡಲ್ಲ, ನನ್ನ ನೋಡ್ತಾರ. ಹವಾ ಇನ್ನಾ ಸರಿ ಆಗಿಲ್ಲ, ಬೇಟೀ. ಹೋಗ್ರಿ, ಹೊತ್ತಾತು."

ಹೋದೆವು. ಸಂಜೆ ಬಂದಾಗ ಆಕೆ ಅಲ್ಲೇ ಇದ್ದಳು, ಗೆಳತಿಯ ಮನೆಯವರಿಗೆ ಮಗ್ಗದ ಕಂಡಿಕೆಗೆ ನೂಲು ಸುತ್ತಿಕೊಡುತ್ತಾ. ಅಲ್ಲಿಂದ ನಮ್ಮ ಮನೆಯವರೆಗೆ ನನ್ನ ಜೊತೆ ನಡೆದಳು. ಅಜ್ಜನಿಗೆ ಮತ್ತೊಂದು ಸಲಾಂ. ಹೀಗೆ ದಿನಾ. ಅಮ್ಮನಿಗೆ ಗೊತ್ತಿತ್ತು. ಬಾಯಿಬಿಟ್ಟು ಯಾರೂ ಸುಳ್ಳು ಹೇಳಲಿಲ್ಲ ಅಂದುಕೊಳ್ಳುತ್ತಿದ್ದೆವು. ಆದರೆ ಸುಳ್ಳೇ, ಬೇರೆ ಹೆಸರು ಯಾಕೆ?

ದಸರಾ ಕಳೆದ ಮೇಲೆ ಅಪ್ಪನ ತಮ್ಮ, ನಮ್ಮ ಕಾಕಾನ ಮದುವೆ ಗೊತ್ತಾಯಿತು. ಮದುಮಗಳ ಸೀರೆಗೆ ಹೇಳಿ ಬರಲು ಅಜ್ಜ ಒಂದು ಬೆಳಿಗ್ಗೆ ಹೊರಟರು. ಊರಲ್ಲಿ ಅಷ್ಟು ಮಗ್ಗಗಳಿದ್ದವು. ಅವರು ಹೋಗಿದ್ದು ಗೆಳತಿಯ ಮನೆಗೆ. ಮುಂದಿನದನ್ನು ನನಗೆ ಹೇಳಿದವಳು ಗೆಳತಿಯ ಅವ್ವ. ಜಗಲಿಯ ಮೇಲೆ ಬೂಬಮ್ಮ ಕಂಡಿಕೆ ಸುತ್ತುತ್ತಾ ಕೂತಿದ್ದಾಳೆ. ಅಜ್ಜ ಎದುರಿಗೆ ನಿಂತಿದ್ದಾರೆ.

"ನೀ ಇಲ್ಲಿದ್ರ ಹುಡುಗ್ಯಾರ ಜೋಡಿ ಯಾರಿದ್ದಾರ?"

"ಯಾರೂ ಇಲ್ರೀ ಪೇಷ್ಕಾರ್ ಸಾಬ್."

"ಎಷ್ಟು ದಿನಾತು ಹಿಂಗ?"

"ಸಾಲಿ ಸುರು ಆದಾಗಿಂದ್ರೀ. ನಾಕು ತಿಂಗಳು ಮ್ಯಾಲಾತು." ಬೂಬಮ್ಮ ಕೈಯಲ್ಲಿದ್ದ ಕಂಡಿಕೆ ಕೆಳಗಿಡಲಿಲ್ಲವಂತೆ. "ಏನರ ಆಗೇತೇನ್ರೀ ಹುಡುಗೀಗೆ?"

ಅಜ್ಜ ಸೀರೆಯ ಮಾತೇ ಆಡದೆ ಮನೆಗೆ ಬಂದರು. ಆ ದಿನ ಅಮ್ಮ ಬಡಿಸಿದ್ದನ್ನು ಉಂಡು, ಕಟ್ಟೆಗೂ ಬಾರದೆ ಒಳಗೇ ಮಲಗಿದರು. ನಾನು ಸಂಜೆ ಚೀಲವನ್ನು ಮೂಲೆಯಲ್ಲಿಟ್ಟೆ. ಇನ್ನು ಅದನ್ನು ತೆಗೆಯುವ ಪ್ರಸಂಗ ಬರುವುದಿಲ್ಲ ಅಂದುಕೊಂಡೆ.

ಮರುದಿನ ಬೆಳಿಗ್ಗೆ ಚಿಲಕ ಸದ್ದಾಯಿತು. ನಿನ್ನೆ ಸಿಕ್ಕಿಬಿದ್ದ ಮೇಲೂ ಆಕೆ ಬಂದಿದ್ದಳು. ಅಜ್ಜ ರುಮಾಲು ಸುತ್ತಿಕೊಂಡು ಕೋಲು ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಇವತ್ತ ನೀ ಬ್ಯಾಡ," ಅಂದರು ಬೂಬಮ್ಮನಿಗೆ. ನನ್ನ ಕಡೆ ತಿರುಗಿ, "ಚೀಲಾ ತಗೊ. ನಡಿ. ನಾ ನೋಡ್ಬೇಕು."

ಓಣಿಯ ತಿರುವಿನಲ್ಲಿ ಗೆಳತಿ ಸೇರಿಕೊಂಡಳು, ಅಜ್ಜ ನಮ್ಮ ಹಿಂದೆ ಬಂದರು. ಸಂತೆಯ ದಿನ. ಶೇಂಗಾ ಗಾಡಿಗಳು ದಾರಿ ತುಂಬ. ನಾವಿಬ್ಬರೂ ಗೋಡೆಯ ಕಡೆಯಿಂದ ದಾಟಿ ತಿರುಗಿ ನೋಡಿದರೆ ಅಜ್ಜ ಎರಡು ಜೋಡಿ ಎತ್ತುಗಳ ನಡುವೆ ಕೋಲು ಎತ್ತಿಕೊಂಡು ನಿಂತಿದ್ದಾರೆ, ಹಿಂದಕ್ಕೂ ಇಲ್ಲ ಮುಂದಕ್ಕೂ ಇಲ್ಲ. ಅವರು ಬಜಾರಿಗೆ ಬರುತ್ತಿದ್ದದ್ದು ಸಂತೆ ಇಲ್ಲದ ದಿನ ಮಾತ್ರ.

ನಾನು ವಾಪಸು ಹೋದೆ. "ಅಜ್ಜಾ, ಎತ್ತಿನ ಹಿಂದ ಹೋಗಬ್ಯಾಡ್ರಿ. ಗ್ವಾಡಿ ಕಡೆ ಬರ್ರಿ." ಕೈ ಹಿಡಿಯಲಿಲ್ಲ, ಹಿಡಿದರೆ ಸಿಟ್ಟಾಗುತ್ತಿದ್ದರು. ನಾನು ಮುಂದೆ ನಡೆದೆ, ಅವರು ಹಿಂದೆ ಬಂದರು.

ಶಾಲೆಯ ಹತ್ತಿರ ಗೋಡೆಯ ಮೇಲೆ ಕೂತ ಹುಡುಗನೊಬ್ಬ ಸಿಳ್ಳೆ ಹಾಕಿದ. ಹಿಂದೆ ಬರುತ್ತಿರುವ ಮುದುಕರು ನಮ್ಮವರು ಎಂದು ಅವನಿಗೆ ಗೊತ್ತಿರಲಿಲ್ಲ. ನನ್ನ ಗೆಳತಿ ನಿಂತಳು, ಸೊಂಟದ ಮೇಲೆ ಕೈ.

"ಏ, ನೀ ಯಾರ ಮಗನಪಾ?"

ಹುಡುಗ ಗೋಡೆಯ ಆ ಕಡೆ ಹಾರಿದ. ಧಪ್ ಎಂದು ಬಿದ್ದ ಸದ್ದು ಕೇಳಿಸಿತು. ಅಜ್ಜ ಕೆಮ್ಮಿದರು. ಅದು ಕೆಮ್ಮು ಅಲ್ಲ ಎಂದು ಗೆಳತಿ ಇವತ್ತಿಗೂ ವಾದಿಸುತ್ತಾಳೆ.

ಮರುದಿನ ಬೂಬಮ್ಮ ಬಂದು ಚಿಲಕ ಬಡಿದಳು. ಅಜ್ಜ ಕಟ್ಟೆಯಿಂದ ಏಳಲಿಲ್ಲ. "ಕೂಡು, ಚಹಾ ತರ್ತಾರ. ಅವರು ಹೋಗ್ತಾರ, ದಾರಿ ಗೊತ್ತದ ಅವರಿಗೆ." ಚಹಾ ಬಂದದ್ದು ಹೊರಗೆ, ಆಕೆಗೆಂದೇ ಬೇರೆ ಇಟ್ಟ ಲೋಟದಲ್ಲಿ. ಅದನ್ನು ಮುಚ್ಚಿಟ್ಟು ಕಥೆ ಹೇಳುವವಳು ನಾನಲ್ಲ. ಬೂಬಮ್ಮ ಕುಡಿದಳು. ಜೋಳ ಮಾತ್ರ ನಿಲ್ಲಲಿಲ್ಲ. ಅಜ್ಜ ಇರುವವರೆಗೆ ಪ್ರತಿ ತಿಂಗಳು ಕೊಡಿಸಿದರು.

ಮುಂದಿನ ಬೇಸಿಗೆಯಲ್ಲಿ ಪ್ರೈಮರಿಯಿಂದ ಐದು ಹುಡುಗಿಯರು ಮಿಡ್ಲ್ ಸ್ಕೂಲಿಗೆ ಹೊರಟರು. ಬೂಬಮ್ಮ ಹಗ್ಗ ತಂದು ನಮ್ಮಿಬ್ಬರ ಕೈಗೆ ಕೊಟ್ಟು, ಹದಿನೈದೇ ದಿನ, ಆಮೇಲೆ ಚೀಲಕ್ಕೆ ಎಂದು ತಾಕೀತು ಮಾಡಿದಳು. ಬಣ್ಣದವರ ಹಿತ್ತಿಲನ್ನು ನಾವು ಮೊದಲ ದಿನವೇ ತೋರಿಸಿದೆವು.

ಇದು ನನ್ನ ದಾರಿ. ಮಕ್ತಲ್, ಕೋಸಗಿ, ಗದ್ವಾಲ, ರಾಯಚೂರು ಕಡೆಯವರಿಗೆ ಇಂಥದ್ದು ನೆನಪಿರಲೇಬೇಕು. ನಿಮ್ಮ ಮನೆಯ ಚಿಲಕ ಬಡಿದು ಶಾಲೆಗೆ ಕರೆಯುತ್ತಿದ್ದವರು ಯಾರು? ಹೊಸ ಶಾಲೆಗೆ ಹೋಗುವಾಗ ನಿಮಗೆ ಯಾರು ಏನು ಹೇಳಿಕೊಟ್ಟರು? ನಿಮ್ಮದಲ್ಲದಿದ್ದರೆ ನಿಮ್ಮ ಅಮ್ಮನದು, ಅಜ್ಜಿಯದು ಕೇಳಿ ಕೆಳಗೆ ಬರೆಯಿರಿ. ಉದ್ದವಾದರೂ ಪರವಾಗಿಲ್ಲ, ನಾನು ಪೂರ್ತಿ ಓದುತ್ತೇನೆ.