ನಿನ್ನೆಯ ಬ್ರೆಡ್ಡು

ಪಾಚುಕಾ ಊರಿನಲ್ಲಿ ಇಲಾರಿಯೊಗೆ ಬಿಸಿ ಬ್ರೆಡ್ಡು ಸಿಗುತ್ತಿರಲಿಲ್ಲ. ಸಾಲಿನಲ್ಲಿ ಎಷ್ಟೇ ಮುಂದೆ ನಿಂತಿರಲಿ, ಬೇಕರಿಯ ದೋನ್ಯಾ ತೋಮಾಸಾ ಅವನ ಮುಖ ಕಂಡ ಕೂಡಲೇ ಗಲ್ಲಾದ ಕೆಳಗಿನ ಡಬ್ಬಿಗೆ ಕೈಹಾಕಿ ನಿನ್ನೆಯದನ್ನು ತೆಗೆಯುತ್ತಿದ್ದಳು.

"ಬಿಸೀದು ಮನುಷ್ಯರಿಗೆ," ಎನ್ನುವಳು. "ಚೇಳಿಗೆ ಇಷ್ಟು ಸಾಕು."

ಇಲಾರಿಯೊ ಕಾಸು ಕೊಟ್ಟು ಬರುತ್ತಿದ್ದ. ಅವನಿಗೆ ಬೇಸರವಿರಲಿಲ್ಲ. ವಾರವಿಡೀ ಹಳೆಯ ಹಾಸಿಗೆಗಳ ಉಣ್ಣೆ ಹಿಂಜಿ, ಮತ್ತೆ ತುಂಬಿ, ಹೊಲಿದುಕೊಡುವುದು ಅವನ ಕಸುಬು. ಭಾನುವಾರ ಮಧ್ಯಾಹ್ನ ಮಾತ್ರ ಅಖಾಡದಲ್ಲಿ ಅವನು 'ಚೇಳು': ಎದುರಾಳಿಯ ಕಣ್ಣಿಗೆ ಬೆರಳು ಹಾಕುವ, ರೆಫರಿ ಆಚೆ ತಿರುಗಿದಾಗ ಕೆಳಹೊಟ್ಟೆಗೆ ಒದೆಯುವ ದುಷ್ಟ. ಸೋಮವಾರ ಒಣ ಬ್ರೆಡ್ಡು ಕೈಗೆ ಬಂದರೆ ಹಿಂದಿನ ದಿನದ ಕೆಲಸ ಚೆನ್ನಾಗಿ ಆಗಿದೆ ಎಂದೇ ಲೆಕ್ಕ.

ಮೊದಲು ಅವನಿಗೂ ಮುಖವಾಡವಿತ್ತು. ಆಗ ಅವನು ಯಾರೆಂದು ಊರಿಗೆ ತಿಳಿದಿರಲಿಲ್ಲ. ಆಮೇಲೆ ಮುಖವಾಡಗಳನ್ನೇ ಪಣಕ್ಕಿಟ್ಟ ಕುಸ್ತಿಯೊಂದು ನಡೆಯಿತು. ಅಖಾಡದ ಮಾಲೀಕ ದೋನ್ ರುತಿಲಿಯೊ ಮೊದಲೇ ತೀರ್ಮಾನಿಸಿದ್ದಂತೆ ಇಲಾರಿಯೊ ಸೋತ. ಎಲ್ಲರೆದುರು ಹುಟ್ಟುಹೆಸರು ಹೇಳಿ, ಮುಖವಾಡ ಬಿಚ್ಚಿ ಗೆದ್ದವನ ಕೈಗೆ ಕೊಟ್ಟ. ಗೆದ್ದವನು ಊರಿನ ಕಣ್ಮಣಿ 'ಬೆಳ್ಳಿಚುಕ್ಕಿ'. ಕಡುನೀಲಿ ಮುಖವಾಡ, ಹಣೆಯ ಮೇಲೊಂದು ಬಿಳಿ ನಕ್ಷತ್ರ. ಅದರೊಳಗಿದ್ದವನು ಬೀಗ ರಿಪೇರಿಯ ಫೆರ್ಮಿನ್ ಎಂಬುದು ಗೊತ್ತಿದ್ದವರು ಕೆಲವರೇ. ಅವರಲ್ಲೊಬ್ಬ ಇಲಾರಿಯೊ.

ಫೆರ್ಮಿನ್‌ನ ಮಗಳು ಅಮಾಲಿಯಾಳ ಜ್ಞಾನಸ್ನಾನದಲ್ಲಿ ಮಗುವನ್ನು ಎತ್ತಿ ಹಿಡಿದು ಅವಳ 'ಪದ್ರಿನೊ', ಅಂದರೆ ಜ್ಞಾನತಂದೆ, ಆದವನೂ ಅವನೇ. ಅಖಾಡದ ಶತ್ರುಗಳು ಹೊರಗೆ ಗೆಳೆಯರೆಂದು ಬಯಲಾದರೆ ಇಬ್ಬರ ಅನ್ನಕ್ಕೂ ಕಲ್ಲು ಬೀಳುತ್ತಿತ್ತು. ಹಾಗಾಗಿ ದೂರದ ಊರಿನ ಚರ್ಚಿನಲ್ಲಿ ಗುಟ್ಟಾಗಿ ಮುಗಿಸಿದ್ದರು. ಮಗುವಿನ ಮೂಲಕ ನಂಟರಾದ ಗಂಡಸರು ಪರಸ್ಪರ 'ಕಂಪಾದ್ರೆ' ಎನ್ನಬೇಕು. 'ನೀನು' ಬಿಟ್ಟು 'ನೀವು' ಹಿಡಿಯಬೇಕು. ಇಬ್ಬರೂ ಅದನ್ನು ಅಖಾಡದಲ್ಲೂ ತಪ್ಪಿಸಲಿಲ್ಲ. ಕತ್ತು ಹಿಚುಕುತ್ತಲೇ ಇಲಾರಿಯೊ ಕಿವಿಯಲ್ಲಿ ಕೇಳುವನು:

"ಮಂಡಿನೋವು ಹೇಗಿದೆ, ಕಂಪಾದ್ರೆ?"

"ಪರವಾಗಿಲ್ಲ. ಈಗ ನನ್ನನ್ನ ಹಗ್ಗದಾಚೆ ಎಸೀರಿ."

ಆಗಾಗ ಅಮಾಲಿಯಾ ಹಾಸಿಗೆ ಅಂಗಡಿಗೆ ಬಂದು, ಬಟ್ಟೆಯಲ್ಲಿ ಸುತ್ತಿದ ಎರಡು ಬಿಸಿ ಬ್ರೆಡ್ಡು ಇಟ್ಟುಹೋಗುತ್ತಿದ್ದಳು. ಫೆರ್ಮಿನ್ ತನ್ನ ಪಾಲಿನ ಜೊತೆ ಕೊಂಡಿರುತ್ತಿದ್ದ.

ಆ ಕೊನೆಯ ಭಾನುವಾರ ಜನ ತಣ್ಣಗಿದ್ದರು. ಮಲಗಿದವನ ಎದೆಯ ಮೇಲೆ ಮಂಡಿಯೂರಿ ಬೀಳುವುದು ಚೇಳಿನ ಹೆಸರುವಾಸಿ ಪಟ್ಟು. ನೋಡುವವರಿಗೆ ಪಕ್ಕೆಲುಬು ಮುರಿದಂತೆ ಕಾಣುತ್ತದೆ. ನಿಜಕ್ಕೆ ಮೈಯ ಭಾರವನ್ನೆಲ್ಲ ಅಖಾಡದ ಹಾಸಿನ ಮೇಲೆ ಊರಿದ ಇನ್ನೊಂದು ಮಂಡಿ ಹೊತ್ತುಕೊಳ್ಳುತ್ತದೆ. ಎದೆಗೂ ಮಂಡಿಗೂ ನಡುವೆ ಎರಡು ಬೆರಳು ಜಾಗ ಉಳಿಯಬೇಕು. ಇಲಾರಿಯೊನ ಅಳತೆ ಯಾವತ್ತೂ ತಪ್ಪಿದ್ದಿಲ್ಲ.

"ಇನ್ನೂ ಜೋರಾಗಿ, ಕಂಪಾದ್ರೆ," ಎಂದ ಫೆರ್ಮಿನ್ ಕೆಳಗಿನಿಂದ. "ಜನ ನಿದ್ದೆ ಮಾಡ್ತಿದಾರೆ."

ಈ ಸಲ ಇಲಾರಿಯೊ ಆ ಎರಡು ಬೆರಳು ಜಾಗ ಉಳಿಸಲಿಲ್ಲ, ಮಂಡಿ ಎದೆಗೇ ಬಿತ್ತು. ಜನ ಎದ್ದು ನಿಂತರು. ಫೆರ್ಮಿನ್ ಎದ್ದ, ನಿಶ್ಚಯವಾದಂತೆ ಗೆದ್ದ, ಬಟ್ಟೆ ಬದಲಿಸುವ ಕೋಣೆಯಲ್ಲಿ ಎದೆ ಉಜ್ಜಿಕೊಂಡು ನಕ್ಕ. ಬುಧವಾರ ಬೆಳಗ್ಗೆ ಗಡ್ಡ ಹೆರೆಯುತ್ತಿದ್ದವನು ಕನ್ನಡಿಯ ಮುಂದೆ ಕುಸಿದುಬಿದ್ದು ತೀರಿಹೋದ. ಹೃದಯ ನಿಂತಿತು ಎಂದ ಡಾಕ್ಟರು, ಯಾಕೆ ನಿಂತಿತು ಎಂದು ಹೇಳಲಿಲ್ಲ. ಆ ಸಂಜೆಯ ಪತ್ರಿಕೆ ಬೆಳ್ಳಿಚುಕ್ಕಿಯ ನಿಜವಾದ ಹೆಸರನ್ನು ಅಚ್ಚು ಹಾಕಿತು. ಪಕ್ಕದಲ್ಲೇ ಮಂಡಿಯೂರುತ್ತಿರುವ ಚೇಳಿನ ಚಿತ್ರ.

ದೋನ್ ರುತಿಲಿಯೊ ಪತ್ರಿಕೆ ಹಿಡಿದು ಹಾಸಿಗೆ ಅಂಗಡಿಗೇ ಬಂದ.

"ನೀನು ಏನೂ ಮಾತಾಡ್ಬೇಡ. ಹೌದು ಅನ್ಬೇಡ, ಇಲ್ಲ ಅನ್ಬೇಡ. ಭಾನುವಾರ ಅಖಾಡದಲ್ಲಿ ನಿಲ್ಲೋಕೆ ಜಾಗ ಇರಲ್ಲ."

"ಮಣ್ಣಿಗೆ ಹೋಗ್ಬೇಕು, ದೋನ್ ರುತಿಲಿಯೊ. ಅವರು ನನ್ನ ಕಂಪಾದ್ರೆ."

"ಆ ಮುಖ ಹೊತ್ಕೊಂಡಾ? ಒಂದೇ ಗುಂಡೀಲಿ ಇಬ್ಬರನ್ನೂ ಹಾಕ್ತಾರೆ. ನಿನ್ನ ಮುಖವಾಡ ಸೋಲದೇ ಇದ್ದಿದ್ರೆ, ಯಾರಿಗೂ ಗುರುತು ಸಿಗದೆ ಬರಿಮುಖದಲ್ಲಿ ಹೋಗಿ ಬರಬಹುದಿತ್ತು. ಈಗ ಆಗಲ್ಲ."

ಅವನ ಮುಖವಾಡ ಫೆರ್ಮಿನ್‌ನ ಮನೆಯ ಗೋಡೆಯ ಮೇಲಿತ್ತು.

ಮರುದಿನ ಬೆಳಗ್ಗೆ ಅಮಾಲಿಯಾ ಬಂದಳು. ಮದುವೆಯ ವಯಸ್ಸಿನ ಹುಡುಗಿ, ಅತ್ತು ಮುಖ ಊದಿತ್ತು. ಬಟ್ಟೆಯ ಗಂಟು ಬಿಚ್ಚಿದರೆ ಬ್ರೆಡ್ಡಿರಲಿಲ್ಲ. ಕಡುನೀಲಿ ಮುಖವಾಡವಿತ್ತು, ಬೆವರಿನ ವಾಸನೆ ಇನ್ನೂ ಉಳಿದಿತ್ತು.

"ಅಮ್ಮ ಕೊಟ್ಟಳು, ಪದ್ರಿನೊ. ಒಂದು ಅಪ್ಪನಿಗೆ ಹಾಕಿದೀವಿ. ಇದು ಇನ್ನೊಂದು. ಅಭಿಮಾನಿಗಳು ತುಂಬ ಜನ ಇದೇ ಥರದ್ದು ಹಾಕ್ಕೊಂಡು ಬರ್ತಾರಂತೆ. ನೀವೂ ಬನ್ನಿ ಅಂದಳು."

"ಅಮ್ಮ ಇನ್ನೇನಾದ್ರೂ ಹೇಳಿದಳಾ? ನನ್ನ ಬಗ್ಗೆ?"

ಹುಡುಗಿ ಖಾಲಿ ಬಟ್ಟೆಯನ್ನು ಮಡಚಿಕೊಂಡಳು. "ನಿಮ್ಮನ್ನ ಏನೂ ಕೇಳ್ಬೇಡ ಅಂದಳು."

ಬೆಟ್ಟದ ಮೇಲಿನ ಸ್ಮಶಾನಕ್ಕೆ ಹೋಗುವ ದಾರಿಯಲ್ಲಿ ಗಾಳಿ ಜೋರಾಗಿತ್ತು. ನೀಲಿ ಮುಖವಾಡದ ಗಂಡಸರು ಹತ್ತಾರು ಜನ. ಅವರ ನಡುವೆ ಇಲಾರಿಯೊ ನಡೆಯುತ್ತಿದ್ದ, ತಾನು ಕೊಂದಿರಬಹುದಾದವನ ಮುಖ ಹೊತ್ತುಕೊಂಡು. ದೋನ್ಯಾ ತೋಮಾಸಾ ಬುಟ್ಟಿ ಹಿಡಿದು ಬಂದವರಿಗೆಲ್ಲ ಬ್ರೆಡ್ಡು ಹಂಚುತ್ತಿದ್ದಳು. ಅವನ ಕೈಗೂ ಒಂದನ್ನಿಟ್ಟಳು. ಅದು ಬಿಸಿಯಾಗಿತ್ತು.

"ತಿನ್ನಪ್ಪಾ, ಬೆಟ್ಟ ಹತ್ತಬೇಕು," ಎಂದಳು. "ಬೆಳ್ಳಿಚುಕ್ಕಿ ಅಂದ್ರೆ ನಮ್ಮ ಬೀಗದ ಫೆರ್ಮಿನ್ ಅಂತ ಯಾರಿಗೆ ಗೊತ್ತಿತ್ತು? ಎಂಥ ಮನುಷ್ಯ. ಮನೇಲಿ ಮೂರೇ ಜನ, ಆದ್ರೂ ಎರಡು ಹೆಚ್ಚಿಗೆ ಒಯ್ಯೋನು. ಯಾರಿಗೆ ಅಂದ್ರೆ, ಒಬ್ಬ ಬಡವ ಇದಾನೆ ಅನ್ನೋನು."

ಇಲಾರಿಯೊ ಮುಖವಾಡದ ಅಂಚನ್ನು ತುಟಿಯವರೆಗೆ ಎತ್ತಿದ. ಒಂದು ತುಣುಕು ಕಚ್ಚಿ, ಉಳಿದ ಬ್ರೆಡ್ಡನ್ನು ಜೇಬಿಗೆ ಹಾಕಿಕೊಂಡ.

"ಆ ಚೇಳು ಬರ್ಲಿ ನಮ್ಮ ಅಂಗಡಿಗೆ," ಎಂದಳು ಅವಳು. "ಇನ್ನು ನಿನ್ನೇದೂ ಇಲ್ಲ ಅವನಿಗೆ."

"ಕೊಡ್ಬೇಡಿ, ದೋನ್ಯಾ," ಎಂದ ಅವನು.

ಪೆಟ್ಟಿಗೆ ಇಳಿಸುವಾಗ ಯಾರೋ ಹಿಂದಿನಿಂದ ಕೂಗಿದರು: "ಚೇಳು ಕೊಲೆಗಾರ." ಇನ್ನೊಬ್ಬರು ದನಿಗೂಡಿಸಿದರು, ಆಮೇಲೆ ಎಲ್ಲರೂ. ಸುಮ್ಮನಿದ್ದರೆ ಪಕ್ಕದವರು ನೋಡುತ್ತಾರೆ ಎಂದು ಇಲಾರಿಯೊ ಬಾಯಿ ತೆರೆದ. ಒಂದು ಸಲ ಹೇಳಿ ನಿಲ್ಲಿಸಬೇಕೆಂದಿದ್ದ. ಆದರೆ ಆ ಮಾತು ಹೊರಗೆ ಬರಲು ಕಾದು ಕೂತಿತ್ತೇನೋ ಎಂಬಂತೆ ಸಲೀಸಾಗಿ ಬಂತು, ಮತ್ತೆ ಬಂತು. ಉಳಿದವರು ಸುಮ್ಮನಾದ ಮೇಲೂ ಅವನೊಬ್ಬನ ಕೂಗು ಬೆಟ್ಟದ ಮೇಲೆ ನಡೆದೇ ಇತ್ತು. ಗುಂಡಿಯ ಆಚೆ ಬದಿಯಲ್ಲಿ ನಿಂತಿದ್ದ ಫೆರ್ಮಿನ್‌ನ ಹೆಂಡತಿ ಚೋಲೆ ತಲೆಯೆತ್ತಿ ಆ ದನಿಯ ಕಡೆ ನೋಡಿದಳು. ದನಿ ಯಾರದೆಂದು ಅವಳಿಗೆ ಗೊತ್ತಾಯಿತು. ಅವಳು ತಡೆಯಲೂ ಇಲ್ಲ, ಅಲ್ಲವೆಂದು ತಲೆಯಾಡಿಸಲೂ ಇಲ್ಲ. ಒಂದು ಹಿಡಿ ಮಣ್ಣು ಹಾಕಿ, ಮಗಳ ತೋಳು ಹಿಡಿದು ಇಳಿದುಹೋದಳು.

ಭಾನುವಾರ ಅಖಾಡ ತುಂಬಿತ್ತು. ಚೇಳು ಹಗ್ಗ ದಾಟಿ ಒಳಗೆ ಬಂದಾಗ ಕಿತ್ತಳೆ ಸಿಪ್ಪೆ, ಬಾಟಲಿ, ಒಂದು ಚಪ್ಪಲಿ ಬಂದು ಬಿದ್ದವು. ಮೊದಲಾದರೆ ಮೀಸೆ ತಿರುವಿ ಜನರನ್ನು ಇನ್ನಷ್ಟು ಕೆಣಕುತ್ತಿದ್ದ. ಈ ಸಲ ಕೈ ಇಳಿಬಿಟ್ಟು ನಿಂತ. ಬಾಟಲಿ ಹುಬ್ಬಿಗೆ ತಾಗಿದಾಗಲೂ ತಪ್ಪಿಸಿಕೊಳ್ಳಲಿಲ್ಲ.

"ಇಷ್ಟು ವರ್ಷದಲ್ಲಿ ಇಷ್ಟು ಚೆನ್ನಾಗಿ ಯಾವತ್ತೂ ಮಾಡಿರಲಿಲ್ಲ ನೀನು," ಎಂದ ದೋನ್ ರುತಿಲಿಯೊ, ಕುಸ್ತಿ ಮುಗಿದ ಮೇಲೆ. "ಮುಂದಿನ ವಾರಾನೂ ಹೀಗೇ ಇರ್ಲಿ."

ಸೋಮವಾರ ಬೆಳಗ್ಗೆ ಹುಬ್ಬಿನ ಪಟ್ಟಿಯೊಡನೆ ಇಲಾರಿಯೊ ಬೇಕರಿಯ ಸಾಲಿನಲ್ಲಿ ನಿಂತ. ಅವನ ಸರದಿ ಬಂದಾಗ ದೋನ್ಯಾ ತೋಮಾಸಾಳ ಕೈ ಡಬ್ಬಿಗೆ ಹೋಗಲಿಲ್ಲ.

"ನಿನಗೆ ಏನೂ ಇಲ್ಲ."

"ಗೊತ್ತು."

"ಗೊತ್ತಿದ್ದೂ ಯಾಕೆ ಬಂದೆ? ಆಚೆ ಹೋಗು, ಹಿಂದಿನವರಿಗೆ ದಾರಿ ಬಿಡು."

ಇಲಾರಿಯೊ ದಾರಿ ಬಿಟ್ಟ. ಬಾಗಿಲಿನಾಚೆ ಬಂದು, ಸಾಲಿನ ಕೊನೆಗೆ ಹೋಗಿ, ಮತ್ತೆ ನಿಂತುಕೊಂಡ.